ಚಿಟ್ಟೆಯ ಚಿತ್ರ ಬೇಡ, ಮೇಡಂ

ಶಿಡ್ಲಘಟ್ಟದ ಸರ್ಕಾರಿ ಆಸ್ಪತ್ರೆ, ಮಹಡಿಯ ಹಾಲು.
ತರಬೇತಿ ಅಂತ ಬ್ಯಾನರು.
ನರ್ಸುಗಳು ಹನ್ನೆರಡು, ಡಾಕ್ಟರು ಇಬ್ಬರು,
ಠಾಣೆಯಿಂದ ನಾಲ್ವರು, ಟೋಪಿ ತೊಡೆಯ ಮೇಲೆ.
ಪರದೆಯಲ್ಲಿ ಒಂದು ಗೂಡು ಬಿರಿದು
ಚಿಟ್ಟೆ ಹಾರಿಹೋಯಿತು.
'ನೊಂದವರು ಹೀಗೇ ಹೊರಬರುತ್ತಾರೆ'
ಎಂದರು ಹೊರಗಿನಿಂದ ಬಂದ ಮೇಡಂ. ಆಮೇಲೆ ನನ್ನತ್ತ ಕೈ:
'ಖೈರುನ್ನೀಸಾ ಅವರು ಈಗ ತಮ್ಮ ಕಥೆ ಹೇಳ್ತಾರೆ.'

ಮೇಡಂ, ನಾನು ಈ ಊರವಳು.
ಹತ್ತೊಂಬತ್ತು ವರ್ಷ ಗೂಡು ಬಿಚ್ಚಿದ್ದೇನೆ.
ಕುದಿನೀರಿಗೆ ಸವೆದ ಈ ಬೆರಳನ್ನು
ಆಧಾರ್ ಮಿಷನ್ನೂ ಗುರುತು ಹಿಡಿಯುವುದಿಲ್ಲ.
ನೂಲು ಕೊಟ್ಟ ಗೂಡಿನಿಂದ ಚಿಟ್ಟೆ ಬಂದದ್ದನ್ನು
ನಮ್ಮ ಬೀದಿ ಕಂಡಿಲ್ಲ.
ಬಿರಿದ ಗೂಡನ್ನು ಹರಾಜಿನಲ್ಲಿ ಯಾರೂ ಕೇಳುವುದಿಲ್ಲ,
ಜೊಟ್ಟಿನ ಜೊತೆ ಮೂಟೆಗೆ ಹೋಗುತ್ತದೆ.
ಆ ಚಿತ್ರ ತೆಗೆಯಿರಿ.

ಕಥೆಯನ್ನೂ ಹೇಳುವುದಿಲ್ಲ.
ಹೇಳಿದ್ದಾಗಿದೆ, ಇದೇ ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ,
ಒಂದೇ ರಾತ್ರಿ ಐದು ಸಲ.
ಐದನೆಯವರು ಬರೆದುಕೊಳ್ಳುತ್ತ ಬಾಳೆಹಣ್ಣು ತಿನ್ನುತ್ತಿದ್ದರು.
ಯಾಕೆ ಕೂಗಲಿಲ್ಲ, ಅಂದರು.
ನಲವತ್ತು ಚರಕ ಓಡುವಾಗ
ಕೂಗಿದ್ದು ಕೂಗಿದವಳಿಗೂ ಕೇಳಿಸುವುದಿಲ್ಲ,
ಅಂತ ಆಗ ತೋಚಲಿಲ್ಲ.
ಇವತ್ತು ತೋಚಿತು. ಬರೆದುಕೊಳ್ಳಿ.

ಕುರ್ಚಿ ಬಾಗಿಲ ಹತ್ತಿರ ಹಾಕಿ. ಅವಳದು, ನಿಮ್ಮದಲ್ಲ.
ಬಿಪಿ ಪಟ್ಟಿ ಸುತ್ತುವ ಮೊದಲು ಕೇಳಿ, ಕೈ ಕೊಡ್ತೀಯಾ ಅಂತ.
ಬೇಡ ಅಂದರೆ ಬೇಡ.
ಹೆಚ್ಚು ಬೇಯಿಸಿದರೆ ಗೂಡು ಕಲಸಿಹೋಗುತ್ತದೆ,
ಬೇಯದೆ ಎಳೆದರೆ ಕಡಿಯುತ್ತದೆ,
ತುದಿ ತಾನಾಗಿ ಬ್ರಷ್ಷಿಗೆ ಹತ್ತುವ ಹದ ಒಂದಿದೆ...
ನೋಡಿ, ನಾನೂ ಗೂಡಿಗೇ ಬಂದೆ. ಅಭ್ಯಾಸ.

'ಅವರು ಅತ್ತರೆ ಏನು ಮಾಡೋದು, ಅಕ್ಕ?' ಎಳೆಯ ನರ್ಸು ಕೇಳಿದಳು.
ಅಳಲಿ.
'ನಮಗೇ ಅಳು ಬಂದರೆ?'
ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.
ಪಕ್ಕದಲ್ಲಿದ್ದ ಮುನಿಲಕ್ಷ್ಮಮ್ಮ
ಸೆರಗಿನ ಗಂಟಲ್ಲಿ ಅಡಿಕೆ ಹುಡುಕುತ್ತ ಅಂದಳು:
'ಗುರುವಾರ ನಮ್ಮಲ್ಲಿಗೆ ಬಾ, ತಾಯಿ.
ಮಗ್ಗೀನೂ ಹಂಗೇ ಕಲಿತಿದ್ದಲ್ವಾ, ಪಕ್ಕದವಳ ಬಾಯಿ ನೋಡ್ಕೊಂಡು.'

ಗುರುವಾರ ಅಂದರೆ ದರ್ಜಿ ಅಂಗಡಿಯ ಮಹಡಿ, ಏಳು ಜನ, ಎರಡು ಚಾಪೆ.
ಒಬ್ಬಳು ಅವರೆ ಕಾಲವೆಲ್ಲ ಬರೀ ಕಾಯಿ ಸುಲಿದು ಎದ್ದುಹೋದಳು.
ಹುಣಸೆ ಕಾಲಕ್ಕೆ ತನ್ನ ಹೆಸರು ಹೇಳಿದಳು.

ಟೀ ಹೊತ್ತಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಚೌಡಪ್ಪ ಬಂದರು.
'ಗುರುವಾರ ಎಷ್ಟು ಗಂಟೆಗೆ?'
ಯಾರಿಗೆ ಸಾರ್, ಮನೆಯವರಿಗಾ?
ಅಲ್ಲವೆಂದು ತಲೆಯಾಡಿಸಿದರು.
'ಹಾಸ್ಟೆಲ್ಲಿನಲ್ಲಿ. ಆರನೇ ಕ್ಲಾಸು.'
ಲೋಟದ ಕೆನೆಯನ್ನು ಬೆರಳಲ್ಲಿ ತೆಗೆದು
ಎಲ್ಲಿ ಒರೆಸುವುದೋ ತಿಳಿಯದೆ ನಿಂತರು.
ಇಷ್ಟು ವರ್ಷ ಯಾಕೆ ಹೇಳಲಿಲ್ಲ,
ನನ್ನ ನಾಲಿಗೆಗೇ ಬಂದಿತ್ತು ಆ ಮಾತು.
ಬಿಸಿ ಟೀ ಜೊತೆ ನುಂಗಿದೆ.

ನಮ್ಮಲ್ಲಿ ಇಬ್ಬರಿಗೆ ಖಾಕಿ ಕಂಡರೆ ಕೈಕಾಲು ತಣ್ಣಗಾಗುತ್ತದೆ.
ಗಂಡಸು ಬರಬಹುದೋ ಬಾರದೋ
ಗುಂಪಿನಲ್ಲಿ ಜಗಳ ನಡೆದೇ ಇದೆ, ಮುಗಿದಿಲ್ಲ.

ಈ ಗುರುವಾರ ಒಂದು ಗಂಟೆ ಮೊದಲೇ ಹೋಗಿ
ಮೆಟ್ಟಿಲ ಕೆಳಗೆ ಎರಡು ಸ್ಟೂಲು ಹಾಕಿದೆ.
ಬೀದಿಯ ಕಡೆಯದು ಅವರಿಗೆ.