ಎಡಹುಬ್ಬಿನ ಹಕ್ಕಿ

ಮೊದಲು ದೀಪ ಆರಿಸಿದೆ.
ಟ್ಯೂಬ್‌ಲೈಟಿಗೆ ಕಣ್ಣು ಕಿವುಚಿ ಕೂತಿದ್ದಳು ಇಶ್‌ಬೆಲ್, ಹನ್ನೊಂದು ವರ್ಷ,
ಕೋಟಿನ ಗುಂಡಿ ಕೂಡ ಬಿಚ್ಚದೆ.
ಕಿಟಕಿಯಾಚೆ ಟೇ ನದಿ, ಡಂಡಿಯ ಮಂಜು,
ಅರ್ಧಕ್ಕೇ ಮುಗಿದಂತೆ ಕಾಣುವ ರೈಲು ಸೇತುವೆ.

ಅಜ್ಜ, ಮೀನಿನ ವ್ಯಾನು ಓಡಿಸುವವನು, ಟೋಪಿ ಹಿಂಡುತ್ತ ಶುರು ಮಾಡಿದ:
ಸ್ಕೂಲಿನವರು ನೆಪ ಅನ್ನುತ್ತಾರೆ.
ಅವರಮ್ಮ ರಾತ್ರಿಯೆಲ್ಲ ಫೋನ್ ನೋಡಿ ಗಡ್ಡೆ ಅನ್ನುತ್ತಾಳೆ.
ನಾನು ದಿನಾ ಮಾತ್ರೆ ಕೊಡುತ್ತೇನೆ. ಮತ್ತೇನು ಮಾಡಲಿ?

ಕಾಗದ ಕೊಟ್ಟೆ. ನೋವಿನ ಚಿತ್ರ ಬರೆ ಅಂದೆ.
ಬರೆದದ್ದು ಒಂದು ಕಡಲಕಾಗೆ.
ಎಡಹುಬ್ಬಿನ ಮೇಲೆ ಒಂಟಿಕಾಲಲ್ಲಿ ನಿಂತು
ಚಿಪ್ಸ್ ಪೊಟ್ಟಣ ಕುಕ್ಕುವ ಹಾಗೆ ಕುಕ್ಕುತ್ತಿದೆ.
ಅದು ಬರುವ ಮುಂಚೆ, ಅಂದಳು, ಗಾಳಿಯಲ್ಲಿ ಗರಗಸ ಹೊಳೆಯುತ್ತದೆ,
ಟೀಚರ್ ಮುಖ ಅರ್ಧ ಇರುವುದಿಲ್ಲ.

ಪಾಪೆಯೊಳಗೆ ಬೆಳಕಿಟ್ಟು ಬಗ್ಗಿ ನೋಡಿದೆ:
ನರದ ಬಿಲ್ಲೆಯ ಅಂಚು ಹೊಸ ನಾಣ್ಯದಷ್ಟು ಚೊಕ್ಕ.
ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಸಿದೆ,
ಮೂಗು ಮುಟ್ಟಿಸಿದೆ, ಬಿ.ಪಿ. ನೋಡಿದೆ.
ನಿದ್ದೆಯಿಂದ ಎಬ್ಬಿಸುತ್ತದಾ? ಇಲ್ಲ. ಬೆಳಿಗ್ಗೆ ವಾಂತಿ? ಇಲ್ಲ.
ಎಲ್ಲ ಸರಿಯಾಗಿದೆ ಅಂದೆ.
ಅವಳ ಮುಖ ಇಳಿಯಿತು.

ಆ ಇಳಿಯುವುದು ನನಗೆ ಗೊತ್ತು.
ದಾವಣಗೆರೆಯಲ್ಲಿ ಸೋದರತ್ತೆ ಒಣಶುಂಠಿ ತೇಯ್ದು ನನ್ನ ಹಣೆಗೆ ಬಳಿದು
ನಾಳೆ ಲೆಕ್ಕದ ಪರೀಕ್ಷೆಯೇನೋ ಎಂದು ನಕ್ಕಿದ್ದಳು.
ಉರಿದದ್ದು ಶುಂಠಿಯಲ್ಲ.

ಮತ್ತೆ ಹೇಳಿದೆ, ನಿಧಾನವಾಗಿ:
ತಲೆ ಸರಿಯಾಗಿದೆ. ನೋವೂ ನಿಜ.
ಅಜ್ಜನಿಗೆ: ಮಾತ್ರೆ ವಾರಕ್ಕೆ ಎರಡೇ ದಿನ,
ಅದಕ್ಕಿಂತ ಹೆಚ್ಚಾದರೆ ಹಕ್ಕಿಗೆ ನೀವೇ ತಿನ್ನಿಸಿದ ಹಾಗೆ.
ಅವನು ಟೋಪಿ ಹಿಂಡುವುದು ಬಿಟ್ಟ.
ಒಂದು ಸಲ ಮೀನಿನ ತಲೆ ಎಸೆದರೆ ಸಾಕು ಡಾಕ್ಟರೇ,
ಆಮೇಲೆ ವ್ಯಾನಿನ ಸದ್ದಿಗೇ ಬರುತ್ತವೆ.

ಆರು ವಾರದ ಮೇಲೆ ನೋಟ್‌ಬುಕ್ ತಂದಳು.
ಮೊದಲ ಹತ್ತು ದಿನ ಹಾಳೆಯ ತುಂಬ ರೆಕ್ಕೆ.
ಆಮೇಲೆ: ಮಂಗಳವಾರ, ಇಲ್ಲ.
ಗುರುವಾರ, ಸಣ್ಣ ಹಕ್ಕಿ, ತಿಂಡಿ ಬಿಟ್ಟಿದ್ದೆ.
ಭಾನುವಾರ, ದೊಡ್ಡದು. ಹೊತ್ತಿಗೆ ಮಲಗಿದ್ದೆ, ನೀರು ಕುಡಿದಿದ್ದೆ. ಯಾಕೋ ಗೊತ್ತಿಲ್ಲ.
ನನಗೂ ಗೊತ್ತಿಲ್ಲ ಎಂದು ಅದರ ಕೆಳಗೆ ಬರೆದು ಸಹಿ ಹಾಕಿದೆ.
ಮೊದಲ ಸಲ ನಕ್ಕಳು.

ಕೊನೆಯ ಪುಟದಲ್ಲಿ ಸೇತುವೆ, ಅದರ ತುದಿಗೊಂದು ಚುಕ್ಕೆ.
ಹಾರಿಹೋಯಿತಾ? ಅಜ್ಜ ಕೇಳಿದ.
ಇಲ್ಲ, ಆ ಕಡೆ ತಿರುಗಿ ಕೂತಿದೆ.

ದೀಪ ಹಾಕಲಾ ಅಂದೆ.
ಇನ್ನೂ ಬೇಡ, ಅಂದಳು,
ಕೋಟಿನ ಗುಂಡಿ ಒಂದೊಂದೇ ಬಿಚ್ಚುತ್ತ.