ಒಂದು ಬಿಲ್ಲೆ ಕಮ್ಮಿ

ತಗಡಿನ ಡಬ್ಬಿಯೊಳಗೆ ಸೀಸದ ಬಿಲ್ಲೆಗಳು.
ಮೂರು ಸಲ ಎಣಿಸಿದೆ: ಇನ್ನೂರ ಮೂವತ್ತೊಂಬತ್ತು.
ಎರಕ ಹೊಯ್ದದ್ದು ಇನ್ನೂರ ನಲವತ್ತು
ಅನ್ನುತ್ತದೆ ದಫ್ತರ, ೧೮೪೭ರ ನವೆಂಬರಿನಲ್ಲಿ.
ಸೋಮವಾರ ಕಟ್ಟಡದ ಕೀಲಿ ಕೊಂಡವರ ಕೈಗೆ.
ಅಷ್ಟರೊಳಗೆ ಪಟ್ಟಿ ಮುಗಿಸಬೇಕು ನಾನು,
ಈ ಸಭೆಯ ಕೊನೆಯ ಗುಮಾಸ್ತ:
ಬೆಂಚು ಅರುವತ್ತು, ಬೆಳ್ಳಿ ಬಟ್ಟಲು ನಾಲ್ಕು,
ಗೋಡೆಗಡಿಯಾರ ಒಂದು, ನಡೆಯುವುದಿಲ್ಲ.

ಡಂಡೀ ಆಗ ಸೆಣಬಿನ ಊರು.
ಬಂಗಾಳದ ನಾರು ಹಡಗಿನಲ್ಲಿ ಬರುತ್ತಿತ್ತು,
ತಿಮಿಂಗಿಲದ ಎಣ್ಣೆ ಕುಡಿಸಿ ಮೆತ್ತಗೆ ಮಾಡುತ್ತಿದ್ದರು.
ಎಷ್ಟು ತಿಕ್ಕಿ ತೊಳೆದರೂ ಬಿಡದ ಆ ವಾಸನೆ
ಅಟ್ಟಣಿಗೆಯಿಂದಿಳಿದು ಮುಂದಿನ ಬೆಂಚಿಗೆ ತಟ್ಟುತ್ತಿತ್ತಂತೆ.
ಮುಂದಿನ ಬೆಂಚಿಗೆ ವರ್ಷಕ್ಕೆ ಹದಿನೆಂಟು ಷಿಲಿಂಗ್ ಬಾಡಿಗೆ.
ಅಟ್ಟಣಿಗೆ ಪುಕ್ಕಟೆ.
ದೇವರ ಹೆಸರಿಗೆ ಯಾವ ಬೆಂಚೂ ಬರೆದಿಲ್ಲ.

ಬಿಲ್ಲೆಯ ಕತೆ ಇಷ್ಟು:
ಕರ್ತನ ಭೋಜನಕ್ಕೆ ಮೊದಲು
ಹಿರಿಯರು ಮನೆಮನೆಗೆ ಹೋಗಿ ನಡತೆ ವಿಚಾರಿಸುವರು,
ಸರಿಯಿದ್ದವರ ಅಂಗೈಗೆ ಒಂದು ಬಿಲ್ಲೆ.
ಬಿಲ್ಲೆ ಇದ್ದರೆ ರೊಟ್ಟಿ, ದ್ರಾಕ್ಷಾರಸ.
ಇಲ್ಲದಿದ್ದರೆ ಬಾಗಿಲ ಬಳಿಯ ಬೆಂಚು, ಎಲ್ಲರೂ ನೋಡುವ ಹಾಗೆ.

ಅರುವತ್ತೊಂದನೆಯ ಇಸವಿ, ಪುಟ ನೂರ ನಾಲ್ಕು:
"ಐಸೊಬೆಲ್ ಗೌರ್ಲೇ, ನೇಕಾರಳು, ಗಂಡನಿಲ್ಲದೆ ಬಸಿರು.
ಯಾರೆಂದು ಹೇಳಲೊಲ್ಲಳು. ಬಿಲ್ಲೆ ವಾಪಸು ಪಡೆಯತಕ್ಕದ್ದು."
ಕೆಳಗೆ ಬೇರೆ ಶಾಯಿ, ಅದೇ ಕೈಬರಹ:
"ಕೊಟ್ಟಿಲ್ಲ. ಕೇಳಿದ್ದಕ್ಕೆ ನುಂಗಿದೆ ಅಂದಳು."
ಹನ್ನೊಂದು ಗಂಡಸರು ಇದನ್ನು ಎರಡು ಗಂಟೆ ಚರ್ಚಿಸಿದರು.

ಇನ್ನೊಂದು ದೂರು ಪುಟಪುಟದಲ್ಲೂ:
ಅಟ್ಟಣಿಗೆಯ ಹೆಂಗಸರು ಪ್ರಸಂಗದ ನಡುವೆ ಮಾತಾಡುತ್ತಾರೆ,
ಆದರೆ ಸದ್ದಿಲ್ಲ.
ಮಗ್ಗದ ಗದ್ದಲಕ್ಕೆ ಕಿವಿ ಕೊಟ್ಟು ಕಳಕೊಂಡವರು,
ತುಟಿಯಲ್ಲೇ ಆಡಿ ಕಣ್ಣಲ್ಲೇ ಕೇಳುವವರು.
ಮೌನಕ್ಕೆ ದಂಡ ಹಾಕುವ ಕಾನೂನು
ಹಿರಿಯರಿಗೆ ಯಾವ ಅಧ್ಯಾಯದಲ್ಲೂ ಸಿಗಲಿಲ್ಲ.

ಆಮೇಲೆ ಆರ್ಗನ್ ಬಂತು.
ಅದುವರೆಗೆ ಒಬ್ಬ ಎದ್ದು ಸಾಲು ಎತ್ತಿಕೊಡುವನು,
ಸಭೆ ಎಳೆದೆಳೆದು ಹಾಡುವುದು, ಬರೀ ಕೊರಳು.
ಹಾಗೆ ಎತ್ತಿಕೊಡುತ್ತಿದ್ದ ಆಂಗಸ್ ಮೆಲ್‌ಡ್ರಮ್
"ಸಿಳ್ಳೆಗಳ ಪೆಟ್ಟಿಗೆ" ಎಂದು ಉಗಿದು
ಎಪ್ಪತ್ತು ಮನೆಯವರನ್ನು ಕಟ್ಟಿಕೊಂಡು ಹೊರನಡೆದ.
ಇಪ್ಪತ್ತೆಂಟು ವರ್ಷ ಎದುರುಬದುರು ಎರಡು ಚರ್ಚು,
ಅದೇ ಕೀರ್ತನೆ, ಅದೇ ಗಳಿಗೆ,
ಒಬ್ಬರ ದನಿಯಲ್ಲಿ ಒಬ್ಬರನ್ನು ಮುಳುಗಿಸುವ ಹಟ.
ಯುದ್ಧ ಬಂದು ಗಂಡುದನಿಗಳನ್ನು ಒಯ್ದ ಮೇಲೆ
ಎರಡೂ ಕಡೆ ಹಾಡಲು ಸಾಲದೆ ಒಂದಾದವು.
ಕಾರಣ ಅಂತ ದಫ್ತರ ಕಲ್ಲಿದ್ದಲಿನ ಖರ್ಚು ಬರೆದಿದೆ.

ಬಿಲ್ಲೆ ಹೋಗಿ ಚೀಟಿ ಬಂತು, ಚೀಟಿಯೂ ಹೋಯಿತು.
ಗಿರಣಿಯ ಚಿಮಣಿ ಬೀಳಿಸುವ ದಿನ
ಪ್ರಾರ್ಥನಾಕೂಟ ಅರ್ಧಕ್ಕೆ ಬಿಟ್ಟು ಎಲ್ಲರೂ ಓಡಿದ್ದು
ನನಗೇ ನೆನಪಿದೆ. ಐಸ್‌ಕ್ರೀಮ್ ಗಾಡಿ ಬಂದಿತ್ತು.
ಅಮ್ಮ ಮಾತ್ರ ಬೆನ್ನು ತಿರುಗಿಸಿ ನಿಂತಿದ್ದಳು.

ಕೊನೆಯ ಭಾನುವಾರ ಹತ್ತೊಂಬತ್ತು ಮಂದಿ.
ಬೋಧಕಿ ಬೇರೆರಡು ಸಭೆ ಮುಗಿಸಿ ಬಂದವಳು, ಹಸಿದಿದ್ದಳು.
ಅಟ್ಟಣಿಗೆಗೆ ಬೀಗ, ಮರ ಲಡ್ಡು ಹಿಡಿದಿದೆ.
ಕೆಳಗೆ ಬಲಕ್ಕೆ ನೆಟ್ಟಾ ಡೋಯಿಗ್, ತೊಂಬತ್ತಮೂರು,
ಎಡಕ್ಕೆ ಜೆಸಿ ಕಿಡ್, ಎಂಬತ್ತೊಂಬತ್ತು,
ಒಂದೇ ಪಾಳಿಯಲ್ಲಿ ನೇಯ್ದವರು.
ಆಶೀರ್ವಾದದ ಹೊತ್ತಿಗೆ ನಾನು ಕಣ್ಣು ಮುಚ್ಚಿರಲಿಲ್ಲ,
ತಲೆ ಎಣಿಸುವುದು ಗುಮಾಸ್ತನ ಕೆಲಸ.
ನೆಟ್ಟಾಳ ತುಟಿ ಆಡಿತು.
ನಡುಹಾದಿಯ ಆಚೆ ಜೆಸಿ ನಕ್ಕಳು, ಭುಜ ಕುಣಿಯುವಷ್ಟು.
ಏನಂದಳೋ ನನಗೆ ತಿಳಿಯಲಿಲ್ಲ.
ಅಮ್ಮನಿಗಾದರೆ ತಿಳಿಯುತ್ತಿತ್ತು.

ಡಬ್ಬಿ ಮುಚ್ಚಿ ಪಟ್ಟಿಯಲ್ಲಿ ಬರೆದೆ:
ಸೀಸದ ಬಿಲ್ಲೆ, ಇನ್ನೂರ ನಲವತ್ತು.
ಅದರಲ್ಲಿ ಒಂದು,
ಸದಸ್ಯೆಯ ಹತ್ತಿರ ಇದೆ.