ಟೊಂಕಕ್ಕೆ ಕೇಳಿಸಿದ್ದು

ಸೈಬಣ್ಣನ ಟೊಂಕ ಹಿಡಿದದ್ದು ಎರಡನೇ ಡಬ್ಬಿ ಎತ್ತುವಾಗ.
ಹನ್ನೆರಡಿಂಚಿನ ವೂಫರು, ಜೋಡು ಗೋಡೆಯೊಳಗೆ ಮರಳು,
ಅಡಿಗೆ ಶಹಾಬಾದದ ಫರಸಿ,
ಬಿರುಕದೆ ಅಂತ ಖಣಿಯವರು ಬಿಟ್ಟದ್ದನ್ನು
ಇವನೇ ಆರಿಸಿ, ಸೈಕಲ್ ಮೇಲೆ ತಂದದ್ದು.

"ಗಟ್ಟಿ ನೆಲದ ಮ್ಯಾಲೆ ಮಲಗ್ರಿ, ಮೂರು ವಾರ" ಅಂದರು ಡಾಕ್ಟರು.
ಮಲಗಿದ. ಮಲಗೇ ಹುಕುಂ ನಡೆಸಿದ:
"ಆ ಕರಿ ವೈರಲ್ಲೋ ಮೌಲಾಲಿ, ಅದರಣ್ಣ, ದಪ್ಪಂದು."
ಮೌಲಾಲಿಯ ಕುತ್ತಿಗೆಗೆ ಪಟ್ಟಿ, ಬಗ್ಗಲಾರ.
ನನ್ನ ಬೆನ್ನು ನೆಟ್ಟಗಿದೆ; ಬೆಸುಗೆ ಹಿಡಿದರೆ ಕೈ ನಡುಗುತ್ತದೆ.
ಮೂವರೂ ಸೇರಿದರೆ ಒಬ್ಬ ಪೂರ್ತಿ ಮೆಕ್ಯಾನಿಕ್.

ಹಾಡು ಹಚ್ಚದೆ ಬರೀ ಕರೆಂಟು ಕೊಟ್ಟೆವು.
ನಿಂತವರಿಗೆ ಏನಿಲ್ಲ: ಫ್ಯಾನು,
ವಾಡಿ ಕಡೆ ಹೊರಟ ಗೂಡ್ಸು.
"ಹಮ್ಮು ಅದ" ಅಂದ ನೆಲದಿಂದ.
"ಕಿವಿಗಲ್ಲೋ, ಟೊಂಕಕ್ಕ ಕೇಳಸ್ಲತ್ತದ."

ನಂಬದೆ ಅಂಗಿ ಎತ್ತಿ ಪಕ್ಕಕ್ಕೆ ಮಲಗಿದೆ.
ಮೊದಲು ಕಲ್ಲಿನ ತಂಪು.
ಆಮೇಲೆ ಎಲ್ಲೋ ಬೆನ್ನುಮಣಿಯ ಸಂದಿಯಲ್ಲಿ,
ಮೂರು ಓಣಿ ಆಚೆ ಹಿಟ್ಟಿನ ಗಿರಣಿ ತಿರುಗಿದಂತೆ
ಸಣ್ಣ ನಡುಕ.

ಅರ್ಥಿಂಗ್ ವೈರು ಒಂದು ಗೇಣು ಸರಿಸಿದೆವು.
ಕಲ್ಲು ಸುಮ್ಮನಾಯಿತು.
ಟೊಂಕ ಆಗಲಿಲ್ಲ.

ಐತವಾರ ಸೇಡಂನಿಂದ ಇಬ್ಬರು ಕೇಳಲು ಬಂದರು,
ತಾವು ಸುತ್ತಿದ ಟ್ರಾನ್ಸ್‌ಫಾರ್ಮರು ಗೋಣಿಚೀಲದಲ್ಲಿಟ್ಟುಕೊಂಡು.
ಕುರ್ಚಿ ಹಾಕಿದೆ.
"ಅದು ತೆಗಿ" ಅಂದ ಸೈಬಣ್ಣ, "ಮೊದಲ ಮಲಗ್ರಿ. ಹಾಡು ಆಮ್ಯಾಲೆ."
ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಹಿರಿಯನು ಚಪ್ಪಲಿ ಬಿಟ್ಟು, ಉಸಿರು ಬಿಟ್ಟು,
ಅಂಗಿಯೊಳಗಿಂದ ಸೊಂಟದ ಪಟ್ಟಿ ಬಿಚ್ಚಿ
ಗೂಟಕ್ಕೆ ಹಾಕಿದ,
ಸೈಬಣ್ಣನದರ ಮೇಲೆ.